ಸುಂಕ ಕಟ್ಟುವವರು ಯಾರು?



‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ನಮ್ಮ ನಾಡಿನಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಹೇರು ಹೊತ್ತು ಬಂದವನು ತನ್ನ ಕಷ್ಟವನ್ನೆಲ್ಲ ತೋಡಿಕೊಂಡರೂ ಕಟ್ಟೆಯಲ್ಲಿ ಕುಳಿತವನ ಕಣ್ಣು ಹೇರಿನ ಮೇಲೆಯೇ ಹೊರತು ಹೊತ್ತವನ ಮುಖದ ಮೇಲಲ್ಲ. ಬಜಪೆಯ ಸಮೀಪ ಸುಂಕದಕಟ್ಟೆ ಎಂಬ ಹೆಸರಿನ ಊರು ಇಂದಿಗೂ ಇದೆ. ಶುಭಸಂದೇಶಕಾರ ಮತ್ತಾಯನು ಯೇಸುಸ್ವಾಮಿಯ ಕರೆಯನ್ನು ಕೇಳಿದ್ದು ಸುಂಕದ ಕಟ್ಟೆಯಲ್ಲಿ ಕುಳಿತಿದ್ದಾಗಲೇ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಹಳೆಯ ಕಟ್ಟೆಗಳು ಹೋದವು; ಸುಂಕ ಮಾತ್ರ ಹೋಗಲಿಲ್ಲ. ಅದು ಬಂದರಿಗೆ, ವಿಮಾನ ನಿಲ್ದಾಣಕ್ಕೆ, ದೇಶದೇಶಗಳ ರಾಜಧಾನಿಗಳಿಗೆ ಸ್ಥಳಾಂತರಗೊಂಡಿತು.

2025ರ ಆಗಸ್ಟ್ ತಿಂಗಳಲ್ಲಿ ಅಮೆರಿಕವು ಭಾರತದ ಸರಕುಗಳ ಮೇಲೆ ಮೊದಲು ಶೇ. 25, ತಿಂಗಳು ಮುಗಿಯುವ ಮುನ್ನ ಒಟ್ಟು ಶೇ. 50ರಷ್ಟು ಹೆಚ್ಚುವರಿ ಸುಂಕವನ್ನು ವಿಧಿಸಿದಾಗ, ಈ ಪದ ನಮ್ಮ ಮನೆಗಳ ಮಾತಿನೊಳಗೂ ಬಂದಿತು. ಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಿಂತವರು, ಬಸ್ಸಿಗೆ ಕಾಯುವವರು, ಕ್ಷೌರದಂಗಡಿಯಲ್ಲಿ ಪತ್ರಿಕೆ ಹಿಡಿದವರು, ಎಲ್ಲರಿಗೂ ಒಂದೊಂದು ಅಭಿಪ್ರಾಯ. ‘ಅವರು ಐವತ್ತು ಹಾಕಿದರೆ ನಾವು ನೂರು ಹಾಕಬೇಕು, ಆಗ ಬುದ್ಧಿ ಬರುತ್ತದೆ’ ಎಂಬುದು ಹೆಚ್ಚಾಗಿ ಕೇಳಿಬಂದ ಮಾತು. ಸುಂಕವೆಂದರೆ ಪರದೇಶಿಯ ಕೆನ್ನೆಗೆ ಕೊಡುವ ಏಟು ಎಂಬ ಭಾವನೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆ ಎಂಬುದಕ್ಕೆ ಇದೇ ಸಾಕ್ಷಿ.

ಈ ಭಾವನೆ ತಪ್ಪು. ಅಷ್ಟೇ ಅಲ್ಲ, ಬಡವನ ಪಾಲಿಗೆ ಅಪಾಯಕಾರಿ. ಸುಂಕದ ಭಾರವು ಬಾವುಟ ನೋಡಿ ಬೀಳುವುದಿಲ್ಲ. ಕೊಳ್ಳುವವನು, ಮಾರುವವನು, ದುಡಿಯುವವನು ಈ ಮೂವರಲ್ಲಿ ಯಾರಿಗೆ ಕಾಯುವ ಶಕ್ತಿ ಇಲ್ಲವೋ ಅವರ ಹೆಗಲ ಮೇಲೆ ಅದು ಬೀಳುತ್ತದೆ. ನಮ್ಮ ನಿಟ್ಟೆ, ಕಾರ್ಕಳ, ಕಾಪು, ಉಡುಪಿ ಭಾಗದಲ್ಲಿ ಹಾಗೆ ಕಾಯಲಾರದವರು ಯಾರು ಎಂಬುದನ್ನು ತಿಳಿಯದೆ ಸುಂಕ ಏರಲಿ ಎಂದೋ ಇಳಿಯಲಿ ಎಂದೋ ಕೂಗುವುದು ಹೊಣೆಗೇಡಿತನ ಎಂಬುದೇ ಈ ಲೇಖನದ ವಾದ.

ಹಣ ಎಣಿಸುವ ಕೈ ಯಾರದು?

ಮೊದಲು ಕ್ರಮವನ್ನು ತಿಳಿದುಕೊಳ್ಳೋಣ. ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶದಿಂದ ಒಂದು ಕಂಟೇನರ್ ಸರಕು ಬಂದಿತೆನ್ನಿ. ಅದನ್ನು ಬಿಡಿಸಿಕೊಳ್ಳಬೇಕಾದರೆ ಕಸ್ಟಮ್ಸ್ ಕಚೇರಿಗೆ ಸುಂಕ ಕಟ್ಟಬೇಕು. ಕಟ್ಟುವವನು ಸರಕು ಕಳುಹಿಸಿದ ವಿದೇಶಿ ವರ್ತಕನಲ್ಲ; ತರಿಸಿಕೊಂಡ ನಮ್ಮ ವರ್ತಕ. ಅಮೆರಿಕದ ಬಂದರಿನಲ್ಲಿಯೂ ಇದೇ ಕ್ರಮ. ಅಲ್ಲಿ ಕಟ್ಟುವವನು ಅಮೆರಿಕದ ವರ್ತಕ. ಅಂದರೆ ಪ್ರತಿಯೊಂದು ಸರಕಾರವೂ ಆಮದು ಸುಂಕವನ್ನು ವಸೂಲು ಮಾಡುವುದು ಮೊದಲು ತನ್ನದೇ ನಾಡಿನವರಿಂದ. ಕಟ್ಟಿದವನು ಬಳಿಕ ಆ ಭಾರವನ್ನು ಇಳಿಸಿಕೊಳ್ಳಲು ನೋಡುತ್ತಾನೆ. ಮುಂದಕ್ಕೆ ತಳ್ಳಿದರೆ ಗಿರಾಕಿಗೆ ಬೆಲೆ ಏರುತ್ತದೆ. ಹಿಂದಕ್ಕೆ ತಳ್ಳಿದರೆ ಮಾರಿದವನಿಗೆ ಬೆಲೆ ಇಳಿಯುತ್ತದೆ, ಅವನ ಕೆಲಸಗಾರನಿಗೆ ಕೂಲಿ ಇಳಿಯುತ್ತದೆ. ಯಾವ ಕಡೆ ತಡೆ ಕಡಿಮೆಯೋ ಆ ಕಡೆ ನೀರು ಹರಿಯುವಂತೆ ಇದು ನಡೆಯುತ್ತದೆ.

ಚಿನ್ನದ ಉದಾಹರಣೆಯನ್ನು ಎಲ್ಲರೂ ಬಲ್ಲರು. 2022ರ ಜುಲೈಯಲ್ಲಿ ಕೇಂದ್ರ ಸರಕಾರ ಚಿನ್ನದ ಆಮದು ಸುಂಕವನ್ನು ಶೇ. 15ಕ್ಕೆ ಏರಿಸಿತ್ತು. 2024ರ ಜುಲೈ ಬಜೆಟ್‌ನಲ್ಲಿ ಅದನ್ನು ಶೇ. 6ಕ್ಕೆ ಇಳಿಸಿತು. ಇಳಿಸಿದ ದಿನವೇ ಹತ್ತು ಗ್ರಾಂ ಚಿನ್ನದ ಬೆಲೆ ಸಾವಿರಾರು ರೂಪಾಯಿ ಕುಸಿಯಿತು. ಆ ಹಣ ಅಷ್ಟು ದಿನ ಯಾರ ಕಿಸೆಯಿಂದ ಹೋಗುತ್ತಿತ್ತು? ಹೊರದೇಶದ ಗಣಿಯ ಒಡೆಯನ ಕಿಸೆಯಿಂದ ಹೋಗುತ್ತಿದ್ದರೆ ಇಲ್ಲಿ ಬೆಲೆ ಇಳಿಯುವ ಕಾರಣವೇ ಇರಲಿಲ್ಲ. ಮಗಳ ಮದುವೆಗೆ ಪವನು ಲೆಕ್ಕದಲ್ಲಿ ಚಿನ್ನ ಕೊಳ್ಳುತ್ತಿದ್ದ ತಂದೆ ತಾಯಿಯರೇ ಅದನ್ನು ತೆರುತ್ತಿದ್ದರು. ಹಣವಂತನು ಬಜೆಟ್ ಬರುವವರೆಗೆ ಕಾಯಬಲ್ಲ. ನಿಶ್ಚಿತಾರ್ಥ ಮುಗಿದು ಮದುವೆಯ ದಿನ ಗೊತ್ತಾದ ಮನೆಯವರು ಕಾಯಲಾರರು.

ಅಡುಗೆ ಎಣ್ಣೆಯ ಕಥೆಯೂ ಇದೇ. ನಮ್ಮ ದೇಶ ಬಳಸುವ ಖಾದ್ಯತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಎಣ್ಣೆಬೀಜ ಬೆಳೆಯುವ ರೈತರಿಗೆ ನೆರವಾಗಲೆಂದು 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೇಲಿನ ಒಟ್ಟು ಆಮದು ಸುಂಕವನ್ನು ಶೇ. 5.5ರಿಂದ ಶೇ. 27.5ಕ್ಕೆ ಏರಿಸಲಾಯಿತು. ಹಬ್ಬಗಳ ತಿಂಗಳುಗಳಲ್ಲಿ ದಿನಸಿ ಅಂಗಡಿಯ ಎಣ್ಣೆಯ ಪ್ಯಾಕೆಟ್ಟಿನ ಬೆಲೆ ಏರಿತು. 2025ರ ಮೇ ಕೊನೆಯಲ್ಲಿ ಸರಕಾರವೇ ಆ ಸುಂಕವನ್ನು ಶೇ. 16.5ಕ್ಕೆ ಇಳಿಸಬೇಕಾಯಿತು. ರೈತನಿಗೆ ನೆರವಾಗಬೇಕೆಂಬ ಉದ್ದೇಶವನ್ನು ಯಾರೂ ಹಳಿಯಲಾರರು. ಆದರೆ ಅತ್ತೂರು ಸಂತ ಲಾರೆನ್ಸರ ಹಬ್ಬದಲ್ಲಿ ಬಾಣಲೆ ಇಟ್ಟು ಗೋಳಿಬಜೆ ಕರಿಯುವ ಬಡ ವ್ಯಾಪಾರಿಯ ಸ್ಥಿತಿಯನ್ನು ಸ್ವಲ್ಪ ಯೋಚಿಸಿ. ಎಣ್ಣೆಗೆ ಏರಿದಷ್ಟನ್ನು ಅವನು ಬಜೆಯ ಬೆಲೆಗೆ ಸೇರಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಸೇರಿಸದಿದ್ದರೆ ಸಂಜೆಗೆ ಉಳಿಯುವುದು ದಣಿವು ಮಾತ್ರ. ದೊಡ್ಡ ಕಂಪೆನಿ ಬೆಲೆ ಇಳಿದಾಗ ಎಣ್ಣೆ ಕೊಂಡು ಟ್ಯಾಂಕಿನಲ್ಲಿ ತುಂಬಿಸಿಡಬಲ್ಲುದು. ಇವನು ಕೊಳ್ಳುವುದು ಆ ದಿನದ ಎಣ್ಣೆಯನ್ನು, ಆ ದಿನದ ಬೆಲೆಗೆ.

ಬೀಜದ ಕಾರ್ಖಾನೆಯ ಪಾಠ

ಇನ್ನು ನಮ್ಮ ಮನೆಬಾಗಿಲಿನ ಉದ್ಯಮಕ್ಕೆ ಬರೋಣ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ತಂದ ಗೇರು ನಮ್ಮ ಗುಡ್ಡೆಗಳಲ್ಲಿ ಬೇರೂರಿತು. ಕಾರ್ಕಳ ತಾಲೂಕಿನಲ್ಲಿ ಗೇರುಬೀಜದ ಕಾರ್ಖಾನೆಗಳಿಲ್ಲದ ಬದುಕನ್ನು ಊಹಿಸುವುದು ಕಷ್ಟ. ಬೀಡಿಯ ಕೆಲಸ ಕುಗ್ಗುತ್ತ ಬಂದಂತೆ ಎಷ್ಟೋ ಮನೆಗಳ ಒಲೆ ಉರಿಸಿದ್ದು ಬೀಜದ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳ ಸಂಪಾದನೆ. ಬೀಜ ಬೇಯಿಸಿ, ಒಡೆದು, ಒಣಗಿಸಿ, ಸಿಪ್ಪೆ ತೆಗೆದು, ಬಣ್ಣ ಗಾತ್ರ ನೋಡಿ ವಿಂಗಡಿಸುವವರೆಗೆ ಅದು ಹತ್ತಾರು ಕೈಗಳನ್ನು ದಾಟುತ್ತದೆ. ಚಿಪ್ಪಿನ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ. ತಿರುಳು ತುಂಡಾದರೆ ಬೆಲೆ ಇಳಿಯುತ್ತದೆ. ಇಡಿಯ ತಿರುಳನ್ನು ಹೊರತೆಗೆಯುವ ಆ ಬೆರಳುಗಳ ಚಾತುರ್ಯದ ಮೇಲೆಯೇ ಉದ್ಯಮದ ಲಾಭನಷ್ಟ ನಿಂತಿದೆ.

ನಮ್ಮ ಗುಡ್ಡೆಯ ಬೀಜ ಈ ಕಾರ್ಖಾನೆಗಳಿಗೆ ಕೆಲವು ತಿಂಗಳಿಗೂ ಸಾಲದು. ದೇಶದ ಕಾರ್ಖಾನೆಗಳು ಒಡೆಯುವ ಬೀಜದಲ್ಲಿ ಸುಮಾರು ಅರ್ಧ, ಕೆಲವು ವರ್ಷ ಅದಕ್ಕಿಂತ ಹೆಚ್ಚು, ಐವರಿ ಕೋಸ್ಟ್, ಘಾನಾ, ತಾಂಜಾನಿಯಾ, ಗಿನಿ ಬಿಸ್ಸಾವ್ ಮೊದಲಾದ ಆಫ್ರಿಕದ ದೇಶಗಳಿಂದ ಬರುತ್ತದೆ. ಬೀಜ ಸಿಗುವುದು ಋತುವಿನಲ್ಲಿ. ಕೆಲಸ ನಡೆಯಬೇಕಾದುದು ವರ್ಷವಿಡೀ. ಆದುದರಿಂದ ಕಾರ್ಖಾನೆದಾರನು ಬ್ಯಾಂಕಿನಿಂದ ಸಾಲ ತೆಗೆದು ತಿಂಗಳುಗಟ್ಟಲೆಗೆ ಬೇಕಾದ ಬೀಜವನ್ನು ಮೊದಲೇ ತರಿಸಿ ಗೋದಾಮಿನಲ್ಲಿ ತುಂಬಿಸಬೇಕು.

2016ರ ಬಜೆಟ್‌ವರೆಗೆ ಕಚ್ಚಾ ಗೇರುಬೀಜಕ್ಕೆ ಆಮದು ಸುಂಕ ಇರಲಿಲ್ಲ. ಆ ವರ್ಷ ಶೇ. 5ರ ಮೂಲ ಸುಂಕ ಬಂದಿತು. ದೇಶದ ಗೇರು ಕೃಷಿಕನಿಗೆ ಒಳ್ಳೆಯ ಬೆಲೆ ಸಿಗಬೇಕಾದರೆ ಹೊರಗಿನ ಬೀಜ ಸುಲಭವಾಗಿ ಬರಬಾರದು ಎಂಬುದು ಇಂಥ ಸುಂಕದ ಹಿಂದಿನ ವಾದ. ಶೇ. 5 ಎಂದರೆ ಅಲ್ಪವೆಂದು ತೋರುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಕಿಲೋ ತಿರುಳು ಸಿಗಬೇಕಾದರೆ ನಾಲ್ಕು ಕಿಲೋಗಿಂತ ಹೆಚ್ಚು ಕಚ್ಚಾ ಬೀಜ ಬೇಕು. ಲೆಕ್ಕದ ಸುಲಭಕ್ಕಾಗಿ ಬೀಜದ ಬೆಲೆ ಕಿಲೋಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ 80 ಕಿಲೋ ತೂಗುವ 20 ಮೂಟೆ ಬೀಜ ಒಡೆಯುವ ಸಣ್ಣ ಕಾರ್ಖಾನೆಗೆ ಬೇಕಾದುದು 1,600 ಕಿಲೋ, ಅಂದರೆ 1,60,000 ರೂಪಾಯಿಯ ಬೀಜ. ಅದರ ಶೇ. 5 ದಿನಕ್ಕೆ 8,000 ರೂಪಾಯಿ. ಅದು ಎಷ್ಟು ಮಂದಿ ಹೆಣ್ಣುಮಕ್ಕಳ ದಿನಗೂಲಿ ಎಂಬುದನ್ನು ನೀವೇ ಭಾಗಿಸಿ ನೋಡಿ. ಸುಂಕವನ್ನು ಬೀಜ ಬಂದಾಗಲೇ ಕಟ್ಟಬೇಕಾದುದರಿಂದ, ತಿರುಳು ಮಾರಾಟವಾಗಿ ಹಣ ಕೈಸೇರುವವರೆಗೆ ಆ ಮೊತ್ತಕ್ಕೂ ಬ್ಯಾಂಕಿನ ಬಡ್ಡಿ ಏರುತ್ತಿರುತ್ತದೆ.

ರಫ್ತು ಮಾಡುವವರಿಗೆ ಈ ಸುಂಕದಿಂದ ಬಿಡುಗಡೆ ಪಡೆಯುವ ದಾರಿಗಳು ಕಾನೂನಿನಲ್ಲಿವೆ ನಿಜ. ಪರವಾನಗಿ, ಬ್ಯಾಂಕ್ ಗ್ಯಾರಂಟಿ, ಕಾಗದಪತ್ರ, ಅವನ್ನೆಲ್ಲ ನೋಡಿಕೊಳ್ಳುವ ಗುಮಾಸ್ತರು, ಇಷ್ಟೂ ಇರುವ ದೊಡ್ಡ ಕಂಪೆನಿಗೆ ಆ ದಾರಿ ಸುಗಮ. ಬೆಂಗಳೂರು, ಮುಂಬಯಿಯ ಅಂಗಡಿಗಳಿಗೆ ತಿರುಳು ಕಳುಹಿಸಿ ಬದುಕುವ ಹಳ್ಳಿಯ ಸಣ್ಣ ಕಾರ್ಖಾನೆಗೆ ಆ ಬಾಗಿಲು ಇಲ್ಲ. ಒಂದೇ ಸುಂಕ, ಒಂದೇ ದರ; ಆದರೆ ಸಣ್ಣವನಿಗೆ ಅದು ದೊಡ್ಡದು, ದೊಡ್ಡವನಿಗೆ ಸಣ್ಣದು. ಇತ್ತ ಯಂತ್ರಗಳಿಂದ ಬೀಜ ಒಡೆಯುವ ವಿಯೆಟ್ನಾಂ ಜಗತ್ತಿನ ಮಾರುಕಟ್ಟೆಯನ್ನು ನುಂಗುತ್ತಿತ್ತು. ಗೇರಿನ ರಾಜಧಾನಿಯೆಂದು ಹೆಸರಾಗಿದ್ದ ಕೇರಳದ ಕೊಲ್ಲಂನಲ್ಲಿ ನೂರಾರು ಕಾರ್ಖಾನೆಗಳು ಬಾಗಿಲು ಮುಚ್ಚಿದವು. ಅದಕ್ಕೆ ಸುಂಕ ಒಂದೇ ಕಾರಣವೆಂದು ಹೇಳಿದರೆ ಅನ್ಯಾಯವಾದೀತು. ಸಾಲದ ಹೊರೆ, ಯಂತ್ರಗಳ ಸ್ಪರ್ಧೆ, ಏರಿದ ಖರ್ಚು ಎಲ್ಲವೂ ಸೇರಿದ್ದವು. ಆದರೆ ಬಾಗಿದ ಬೆನ್ನಿನ ಮೇಲೆ ಇನ್ನೊಂದು ಮೂಟೆ ಹೇರಿದ್ದು ಮಾತ್ರ ನಿಜ. ಕೊನೆಗೆ 2018ರ ಬಜೆಟ್‌ನಲ್ಲಿ, ಗೇರು ಸಂಸ್ಕರಣಾ ಉದ್ಯಮಕ್ಕೆ ನೆರವಾಗಲೆಂದೇ, ಸರಕಾರ ಆ ಸುಂಕವನ್ನು ಶೇ. 2.5ಕ್ಕೆ ಇಳಿಸಿತು. ಹೊರಗಿನ ಸಿದ್ಧ ತಿರುಳು ಒಳನುಗ್ಗದಂತೆ 2019ರಲ್ಲಿ ತಿರುಳಿನ ಮೇಲಿನ ಸುಂಕವನ್ನು ಶೇ. 45ರಿಂದ ಶೇ. 70ಕ್ಕೆ ಏರಿಸಲಾಯಿತು. ಹಸಿದವನಿಗೆ ಅಕ್ಕಿಯ ಮೇಲೆ ತೆರಿಗೆ ಹಾಕಿ, ಬಳಿಕ ಅನ್ನ ಕದಿಯುವವರಿಂದ ಕಾವಲು ಕೊಡುವ ನೀತಿ ಇದು. ಮೊದಲೇ ಕಾರ್ಖಾನೆಯವರನ್ನೂ ಕೆಲಸಗಾರರನ್ನೂ ಕೂರಿಸಿ ಕೇಳಿದ್ದರೆ ಎರಡು ವರ್ಷ ವ್ಯರ್ಥವಾಗುತ್ತಿರಲಿಲ್ಲ.

ಒಂದು ಸಹಿ, ಸಾವಿರ ಮನೆ

ಈಗ 2025ರ ಅಮೆರಿಕದ ಸುಂಕವನ್ನು ನೋಡಿ. ಆಗಸ್ಟ್ ಕೊನೆಯಲ್ಲಿ ಭಾರತದ ಸರಕಿಗೆ ಅಲ್ಲಿ ಶೇ. 50 ಇದ್ದಾಗ ವಿಯೆಟ್ನಾಂ ಸರಕಿಗೆ ಶೇ. 20 ಇತ್ತು. 100 ರೂಪಾಯಿಯ ತಿರುಳು ನಮ್ಮದಾದರೆ 150, ವಿಯೆಟ್ನಾಮಿನದಾದರೆ 120. ಅಮೆರಿಕದ ವರ್ತಕ ಯಾವುದನ್ನು ಕೊಂಡಾನು ಎಂಬುದನ್ನು ಹೇಳಲು ಅರ್ಥಶಾಸ್ತ್ರಜ್ಞನೇ ಬೇಕೆಂದಿಲ್ಲ. ನವೆಂಬರ್ ಮಧ್ಯದಲ್ಲಿ ಅದೇ ಅಮೆರಿಕ ತನ್ನ ಜನರ ಅಡುಗೆಮನೆಯ ಬೆಲೆಯೇರಿಕೆಗೆ ಹೆದರಿ ಕಾಫಿ, ಚಹಾ, ಸಾಂಬಾರ ಪದಾರ್ಥ, ಗೇರು ಮೊದಲಾದ ಕೃಷಿ ಉತ್ಪನ್ನಗಳಿಗೆ ಆ ಹೆಚ್ಚುವರಿ ಸುಂಕದಿಂದ ವಿನಾಯಿತಿ ನೀಡಿತು. ಸುಂಕವನ್ನು ಪರದೇಶಿಯೇ ಕಟ್ಟುತ್ತಾನೆ ಎಂದು ಘೋಷಿಸಿದವರೇ ತಮ್ಮ ಜನರ ಮೇಲಿನ ಭಾರ ಇಳಿಸಲು ಅದನ್ನು ಕೈಬಿಟ್ಟರು! ಅವರ ಘೋಷಣೆ ಎಷ್ಟು ಪೊಳ್ಳೆಂಬುದನ್ನು ಅವರ ಕೈಯೇ ಬರೆದುಕೊಟ್ಟಿತು.

ಆದರೆ ಆಗಸ್ಟ್‌ಗೂ ನವೆಂಬರ್‌ಗೂ ನಡುವೆ ಸುಮಾರು ಹನ್ನೊಂದು ವಾರಗಳಿವೆ. ಅಷ್ಟು ಕಾಲ ದೊಡ್ಡ ವರ್ತಕ ಸರಕನ್ನು ಗೋದಾಮಿನಲ್ಲಿಟ್ಟು ಕಾಯಬಲ್ಲ. ದುಬೈಯಲ್ಲಿ, ಜಪಾನಿನಲ್ಲಿ, ಯುರೋಪಿನಲ್ಲಿ ಬೇರೆ ಗಿರಾಕಿಯನ್ನು ಹುಡುಕಬಲ್ಲ. ತೂಕದ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಂಗಸಿಗೆ ಹನ್ನೊಂದು ವಾರವೆಂದರೆ ಮಕ್ಕಳ ಶಾಲೆಯ ಫೀಸು, ಸ್ವಸಹಾಯ ಸಂಘದ ಸಾಲದ ಕಂತು, ಅತ್ತೆಯ ಔಷಧಿ. ಬೇಡಿಕೆ ತಗ್ಗಿದಾಗ ಕಾರ್ಖಾನೆ ಮುಚ್ಚಬೇಕೆಂದಿಲ್ಲ. ವಾರಕ್ಕೆ ಆರು ದಿನದ ಕೆಲಸ ನಾಲ್ಕಾದರೆ ಸಾಕು. ಇ.ಎಸ್.ಐ. ಯೋಜನೆಯಲ್ಲಿ ಕಾಯಿಲೆಯ ಕಾಲದ ಭತ್ಯೆ ದೊರೆಯಬೇಕಾದರೆ ನಿಗದಿತ ಸಂಖ್ಯೆಯ ದಿನಗಳ ವಂತಿಗೆ ತುಂಬಿರಬೇಕು. ಕೆಲಸದ ದಿನ ಕಡಿಮೆಯಾದರೆ ಕೂಲಿಯ ಜೊತೆ ಆ ಆಸರೆಯೂ ಜಾರುತ್ತದೆ. ಇದನ್ನು ಯಾವ ದೇಶದ ಅಧ್ಯಕ್ಷರೂ ಸಹಿ ಹಾಕುವ ಮುನ್ನ ಓದುವುದಿಲ್ಲ.

ಇದರ ಪರಿಣಾಮ ಆಕೆಯ ಮನೆಯಲ್ಲೇ ನಿಲ್ಲುವುದಿಲ್ಲ. ವಾರದ ಕೂಲಿ ಇಳಿದರೆ ಮೊದಲು ದಿನಸಿ ಅಂಗಡಿಯಲ್ಲಿ ಸಾಲದ ಪುಸ್ತಕ ದಪ್ಪವಾಗುತ್ತದೆ. ಅಂಗಡಿಯವನು ಸಗಟು ವ್ಯಾಪಾರಿಗೆ ಕೊಡಬೇಕಾದುದನ್ನು ಮುಂದೂಡುತ್ತಾನೆ. ಮೀನು ಮಾರುವವಳ ಬುಟ್ಟಿ ಮಧ್ಯಾಹ್ನವಾದರೂ ಖಾಲಿಯಾಗುವುದಿಲ್ಲ. ರಿಕ್ಷಾ ಚಾಲಕನಿಗೆ ಬಾಡಿಗೆ ಇಲ್ಲ, ದರ್ಜಿಗೆ ಹೊಲಿಗೆ ಇಲ್ಲ. ವಿಶಾಲ ಆರ್ಥಿಕತೆ ಎಂದು ಪಂಡಿತರು ಕರೆಯುವುದು ಇದನ್ನೇ. ಅದು ದೆಹಲಿಯ ಕಡತದಲ್ಲಿಲ್ಲ. ಒಬ್ಬರ ಖರ್ಚು ಇನ್ನೊಬ್ಬರ ಸಂಪಾದನೆಯಾಗಿ ಊರೊಳಗೆ ಸುತ್ತುವ ಹಣದಲ್ಲಿದೆ.

ಬೇಲಿ ಬೇಡವೇ?

‘ಹಾಗಾದರೆ ಸುಂಕವೇ ಬೇಡವೆಂದು ನಿಮ್ಮ ಮಾತೆ? ನಮ್ಮ ಅಡಿಕೆ ಕೃಷಿಕನ ಗತಿಯೇನು?’ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ತೋಟಗಳು ಇಂದು ನಿಂತಿರುವುದರಲ್ಲಿ ಬೇಲಿಯ ಪಾಲು ದೊಡ್ಡದು. ಹೊರದೇಶದ ಅಡಿಕೆಯ ಮೇಲೆ ಶೇ. 100ರ ಸುಂಕವನ್ನು ವಿಧಿಸಲಾಯಿತು. ಅದೂ ಸಾಲದೆಂದು ಇಂತಿಷ್ಟು ಬೆಲೆಗಿಂತ ಅಗ್ಗದ ಅಡಿಕೆ ಒಳಬರಕೂಡದೆಂದು ಕನಿಷ್ಠ ಆಮದು ಬೆಲೆಯನ್ನು ಗೊತ್ತುಪಡಿಸಲಾಯಿತು. 2017ರಲ್ಲಿ ಅದು ಕಿಲೋಗೆ 251 ರೂಪಾಯಿ ಇತ್ತು. 2023ರ ಫೆಬ್ರವರಿಯಲ್ಲಿ 351 ರೂಪಾಯಿಗೆ ಏರಿತು. ಈ ಬೇಲಿ ಇಲ್ಲದಿದ್ದರೆ ಎರಡು ಮೂರು ಎಕರೆಯ ಕೃಷಿಕ ನೆಲಕಚ್ಚುತ್ತಿದ್ದ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಬೇಲಿಯ ಹಿಂದೆ ಏನಿತ್ತು ಎಂಬುದನ್ನೂ ನೋಡಬೇಕು. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ಕುಸಿದು ಕೃಷಿಕರು ಕಂಗಾಲಾದಾಗ, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕರ್ನಾಟಕ, ಕೇರಳದ ಬೆಳೆಗಾರರು ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ಬೆಲೆ ಬಿದ್ದ ದಿನ ದಲ್ಲಾಳಿ ಹೇಳಿದ ಬೆಲೆಗೆ ಮಾರಲೇಬೇಕಾಗಿದ್ದ ಸಣ್ಣ ಬೆಳೆಗಾರನಿಗೆ ಈ ಸಂಸ್ಥೆ ಕೊಟ್ಟ ದೊಡ್ಡ ಕೊಡುಗೆಯೆಂದರೆ ಕಾಯುವ ಶಕ್ತಿ. ಸುಂಕದ ಬೇಲಿ ಬೆಳೆಗಾರನಿಗೆ ಫಲ ಕೊಟ್ಟಿದ್ದು ಒಳಗೆ ಇಂಥ ಒಗ್ಗಟ್ಟು ಇದ್ದುದರಿಂದ. ಒಗ್ಗಟ್ಟಿಲ್ಲದೆ ಬೇಲಿ ಮಾತ್ರ ಎತ್ತರವಾದರೆ ಅದರ ಲಾಭ ಕಳ್ಳಸಾಗಣೆದಾರನಿಗೆ. ಮ್ಯಾನ್ಮಾರ್ ಗಡಿಯ ಮೂಲಕ ನುಸುಳಿಬಂದ ಅಡಿಕೆಯನ್ನು ಅಧಿಕಾರಿಗಳು ಹಿಡಿದ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ? ಬೇಲಿಯೇ ಎದ್ದು ಹೊಲ ಮೇಯುವುದು ಹೀಗೆಯೇ.

ಇನ್ನು ಎದುರು ಪಕ್ಷದ ವಾದವೂ ಇದೆ: ಎಲ್ಲ ಬೇಲಿಗಳನ್ನೂ ಕಿತ್ತುಹಾಕಿ, ಮಾರುಕಟ್ಟೆ ತಾನೇ ನ್ಯಾಯ ಮಾಡುತ್ತದೆ ಎನ್ನುವವರದು. ಇವರಿಗೆ ಉತ್ತರವೂ ಗೇರಿನ ಕಥೆಯಲ್ಲೇ ಇದೆ. ಆಫ್ರಿಕದ ಮೊಜಾಂಬಿಕ್ ಒಂದು ಕಾಲಕ್ಕೆ ಗೇರು ಬೆಳೆಯುವುದರಲ್ಲಿ ಜಗತ್ತಿಗೇ ಮುಂದಾಗಿದ್ದ ದೇಶ. ತನ್ನ ಕಾರ್ಖಾನೆಗಳಿಗೆ ಬೀಜ ಉಳಿಯಲೆಂದು ಅದು ಕಚ್ಚಾ ಬೀಜದ ರಫ್ತಿನ ಮೇಲೆ ಸುಂಕ ಹಾಕಿತ್ತು. 1990ರ ದಶಕದಲ್ಲಿ ವಿಶ್ವ ಬ್ಯಾಂಕ್ ಸಾಲದ ಷರತ್ತಾಗಿ ಆ ಸುಂಕವನ್ನು ಇಳಿಸಬೇಕೆಂದಿತು. ಕೃಷಿಕನಿಗೆ ಹೆಚ್ಚು ಬೆಲೆ ಸಿಗುತ್ತದೆ ಎಂಬುದು ಪಂಡಿತರ ಭರವಸೆ. ಸುಂಕ ಇಳಿಯಿತು. ಕೃಷಿಕನಿಗೆ ಸಿಕ್ಕಿದ್ದು ಅತ್ಯಲ್ಪ. ನಡುವಿನ ವರ್ತಕರಿಗೆ ಸಿಕ್ಕಿದ್ದು ಹೆಚ್ಚು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ ಸಾವಿರಾರು ಕೆಲಸಗಾರರು ಬೀದಿಗೆ ಬಿದ್ದರು. ಅವರು ಒಡೆಯಬೇಕಾಗಿದ್ದ ಬೀಜ ಎಲ್ಲಿಗೆ ಹೋಯಿತು? ಹಡಗು ಹತ್ತಿ ಭಾರತಕ್ಕೆ ಬಂದಿತು. ನಮ್ಮ ದೇಶದ ಹೆಣ್ಣುಮಕ್ಕಳಿಗೆ ಅದರಿಂದ ಕೆಲಸ ಸಿಕ್ಕಿತು. ಇದನ್ನು ಓದಿ ನಾವು ಸಂತೋಷಪಡಬೇಕೋ ದುಃಖಪಡಬೇಕೋ?

ಇಂದು ಆ ದೇಶಗಳು ಎಚ್ಚೆತ್ತಿವೆ. ಬೆನಿನ್ ದೇಶ 2024ರ ಏಪ್ರಿಲ್‌ನಿಂದ ಕಚ್ಚಾ ಗೇರುಬೀಜದ ರಫ್ತನ್ನೇ ನಿಷೇಧಿಸಿತು. ತಮ್ಮ ಬೀಜವನ್ನು ತಮ್ಮ ಜನರೇ ಒಡೆಯಲಿ ಎಂಬುದು ಅವರ ಬಯಕೆ. ನಮ್ಮ ಉದ್ಯಮಕ್ಕೆ ಇದು ಆತಂಕದ ಸುದ್ದಿ. ಹಾಗೆಂದು ಅವರನ್ನು ದೂಷಿಸಲು ನಮಗೆ ಯಾವ ಹಕ್ಕಿದೆ? ನಮ್ಮ ಅಡಿಕೆ ಕೃಷಿಕನಿಗೆ ನಾವು ಕೇಳಿದ ರಕ್ಷಣೆಯನ್ನೇ ಅವರು ತಮ್ಮ ಕೆಲಸಗಾರನಿಗೆ ಕೇಳುತ್ತಿದ್ದಾರೆ. ಸುಂಕದ ಸಮರವೆಂದರೆ ಬಹುಮಟ್ಟಿಗೆ ಒಂದು ದೇಶದ ಬಡವನನ್ನು ಇನ್ನೊಂದು ದೇಶದ ಬಡವನ ಮೇಲೆ ಎತ್ತಿಕಟ್ಟುವುದೇ ಆಗಿದೆ. ಕೋಳಿಯಂಕದಲ್ಲಿ ರಕ್ತ ಸುರಿಸುವುದು ಕೋಳಿಗಳು; ಪಣದ ಹಣ ಎಣಿಸುವವರು ಬೇರೆ.

1967ರಲ್ಲಿ ಪೋಪ್ ಆರನೆಯ ಪೌಲರು ‘ಪೊಪುಲೋರುಂ ಪ್ರೋಗ್ರೆಸ್ಸಿಯೊ’ ಎಂಬ ವಿಶ್ವಪತ್ರದಲ್ಲಿ ಈ ವಿಷಯವನ್ನು ನೇರವಾಗಿ ಎತ್ತಿದ್ದರು. ಕೂಲಿಯ ಕರಾರಿಗೆ ಕೆಲಸಗಾರ ಒಪ್ಪಿದ ಮಾತ್ರಕ್ಕೆ ಅದು ನ್ಯಾಯವಾಗದು ಎಂದು 1891ರಲ್ಲೇ ಹದಿಮೂರನೆಯ ಲಿಯೋ ಬೋಧಿಸಿದ್ದರು. ಅದೇ ತತ್ತ್ವ ದೇಶದೇಶಗಳ ವ್ಯಾಪಾರಕ್ಕೂ ಸಲ್ಲುತ್ತದೆ, ಇಬ್ಬರ ಬಲ ಸಮವಾಗಿರದಿದ್ದರೆ ಮುಕ್ತ ವ್ಯಾಪಾರವೊಂದೇ ನ್ಯಾಯದ ಅಳತೆಗೋಲಾಗದು ಎಂಬುದು ಆರನೆಯ ಪೌಲರ ವಾದ. ಬೇಲಿ ಹಾಕುವವರೂ ಬೇಲಿ ಕೀಳುವವರೂ ಅದನ್ನು ಓದಬೇಕು. ಬಲಿಷ್ಠನು ಹಾಕುವ ಬೇಲಿಯೂ ಅನ್ಯಾಯವಾಗಬಹುದು. ಬಲಿಷ್ಠನು ಕೀಳಿಸುವ ಬೇಲಿಯೂ ಅನ್ಯಾಯವಾಗಬಹುದು.

ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ನಾವು ಮಾಡಬೇಕಾದುದೇನು? ಸುಂಕ ಏರಿಸುತ್ತೇವೆ ಎಂದೋ ಇಳಿಸುತ್ತೇವೆ ಎಂದೋ ಯಾರೇ ಮತ ಕೇಳಲು ಬಂದಾಗ ಚಪ್ಪಾಳೆಗೆ ಮುನ್ನ ಮೂರು ಪ್ರಶ್ನೆಗಳನ್ನು ಕೇಳೋಣ. ಮೊದಲನೆಯದು: ಇದನ್ನು ಕೊನೆಗೆ ತೆರುವವರು ಯಾರು? ಎರಡನೆಯದು: ಎಷ್ಟು ಕಾಲಕ್ಕೆ? ಮೂರನೆಯದು: ಆ ಅವಧಿಯಲ್ಲಿ ಕೆಲಸ ಕಳೆದುಕೊಳ್ಳುವವರಿಗೆ ಸುಂಕದಿಂದ ಬಂದ ಹಣದಲ್ಲಿ ಎಷ್ಟು ಮೀಸಲು? ಈ ಮೂರಕ್ಕೆ ಉತ್ತರವಿಲ್ಲದ ಸುಂಕ ದೇಶಪ್ರೇಮದ ಬಟ್ಟೆ ತೊಟ್ಟ ತೆರಿಗೆ ಮಾತ್ರ.

ಸರಕಾರಕ್ಕೆ ಹೇಳಬೇಕಾದುದೂ ಇದೆ. ಸಣ್ಣ ಕಾರ್ಖಾನೆಗೆ ಬೇಕಾದ ಕಚ್ಚಾ ಸರಕಿನ ಮೇಲೆ ಸುಂಕ ಹೇರಿ ಉದ್ಯೋಗ ಬೆಳೆಸುತ್ತೇವೆ ಎನ್ನುವುದು ಬಾವಿಗೆ ಕಲ್ಲು ಹಾಕಿ ನೀರು ಕೇಳಿದಂತೆ. ದೊಡ್ಡ ರಫ್ತುದಾರನಿಗಿರುವ ವಿನಾಯಿತಿ ಸಣ್ಣವನಿಗೂ ಎಟಕುವಂತಾಗಬೇಕು. ದರ ಬದಲಿಸುವ ಮುನ್ನ ಒಂದು ಋತುವಿನ ಮುನ್ಸೂಚನೆಯಾದರೂ ಇರಬೇಕು. ಸಾಲ ತೆಗೆದು ವರ್ಷದ ಬೀಜ ತುಂಬಿಸಿದವನ ನೆಲವನ್ನು ರಾತ್ರೋರಾತ್ರಿ ಕುಸಿಯುವಂತೆ ಮಾಡಬಾರದು. ಹೊರಗಿನ ಪೆಟ್ಟಿನಿಂದ ಕೆಲಸದ ದಿನಗಳು ಇಳಿದಾಗ ಕೆಲಸಗಾರರ ಇ.ಎಸ್.ಐ., ಭವಿಷ್ಯನಿಧಿಯ ಹಕ್ಕುಗಳು ಮುರಿಯದಂತೆ ನೋಡಿಕೊಳ್ಳಬೇಕು.

ನಾವೂ ಕೈಕಟ್ಟಿ ಕೂರಬೇಕಾಗಿಲ್ಲ. ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಿದೆ, ಉಳ್ಳಾಲದಲ್ಲಿ ಗೇರಿನ ಸಂಶೋಧನಾ ಕೇಂದ್ರವಿದೆ. ಬೇಗ ಫಲ ಕೊಡುವ ಕಸಿ ಗಿಡಗಳು ನಮ್ಮ ಕೈಗೆಟಕುವ ದೂರದಲ್ಲಿವೆ. ಆದರೂ ನಮ್ಮ ಗುಡ್ಡೆಗಳಲ್ಲಿ ಅಜ್ಜನ ಕಾಲದ ಮುದಿ ಮರಗಳು ಅಥವಾ ಅಕೇಶಿಯಾ! ಬೆನಿನ್ ಬಾಗಿಲು ಮುಚ್ಚಿತೆಂದು ಅಳುವ ಬದಲು ಪಾಳುಬಿದ್ದ ಗುಡ್ಡೆಯಲ್ಲಿ ಹತ್ತು ಕಸಿ ಗಿಡ ನೆಡುವುದು ಸಾಧ್ಯವಿಲ್ಲವೆ? ಅಡಿಕೆ ಬೆಳೆಗಾರನಿಗೆ ಕ್ಯಾಂಪ್ಕೋ ಇದೆ. ಬೀಜ ಒಡೆಯುವ ಹೆಣ್ಣುಮಕ್ಕಳಿಗೆ ಅಂಥ ಆಸರೆ ಯಾವುದಿದೆ? ನಮ್ಮ ಊರುಗಳಲ್ಲಿ ಸ್ವಸಹಾಯ ಸಂಘಗಳಿವೆ, ಸಹಕಾರಿ ಸೊಸೈಟಿಗಳಿವೆ, ಮನೆಯಲ್ಲೇ ಗೇರು ಸಂಸ್ಕರಿಸಿ ಮಾರುವಷ್ಟು ಕೌಶಲವೂ ಇದೆ. ಹಬ್ಬಕ್ಕೆ, ಮದುವೆಗೆ, ಕ್ರಿಸ್ತಜಯಂತಿಯ ಕುಸ್ವಾರಿಗೆ ನಾವು ಕೊಳ್ಳುವ ಗೋಡಂಬಿಯನ್ನು ನೇರವಾಗಿ ಇಂಥ ಕೈಗಳಿಂದ ಕೊಂಡರೆ, ವಾಷಿಂಗ್ಟನ್ನಿನ ಸಹಿಗೆ ಹೆದರದ ಒಂದು ಸಣ್ಣ ಮಾರುಕಟ್ಟೆಯಾದರೂ ನಮ್ಮ ನಡುವೆ ಉಳಿಯುತ್ತದೆ. ಕೆಲಸವಿಲ್ಲದ ವಾರಗಳಲ್ಲಿ ಬಡ್ಡಿಯಿಲ್ಲದ ಕೈಗಡ ಕೊಡುವ ಒಂದು ನಿಧಿಯನ್ನು ಪ್ರತಿಯೊಂದು ಧರ್ಮಕೇಂದ್ರವೂ, ಪ್ರತಿಯೊಂದು ಸೊಸೈಟಿಯೂ ಜಾತಿ ಮತ ನೋಡದೆ ಕಟ್ಟಬಲ್ಲುದು. ಬಡವನಿಗೆ ಕಾಯುವ ಶಕ್ತಿ ಕೊಡುವುದೆಂದರೆ ಇದೇ.

ರಾಜಧಾನಿಗಳಲ್ಲಿ ಕುಳಿತವರು ನಾಳೆ ಮತ್ತೊಂದು ದರ ಪ್ರಕಟಿಸುತ್ತಾರೆ, ನಾಡಿದ್ದು ಅದನ್ನು ಬದಲಿಸುತ್ತಾರೆ. ಅವರ ಮುಂದೆ ನಮ್ಮ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂದು ಗಾದೆ ಎಚ್ಚರಿಸುತ್ತದೆ. ಒಬ್ಬೊಬ್ಬರಾಗಿ ಹೇಳಿದರೆ ಫಲವಿಲ್ಲ, ನಿಜ. ಮುಂದಿನ ಗ್ರಾಮಸಭೆಯಲ್ಲಿ, ಮುಂದಿನ ಚುನಾವಣೆಯಲ್ಲಿ, ನಿಮ್ಮ ಸೊಸೈಟಿಯ ಮುಂದಿನ ಮಹಾಸಭೆಯಲ್ಲಿ ಒಟ್ಟಾಗಿ ಕೇಳಿದರೆ ಉತ್ತರಿಸಲೇಬೇಕಾಗುತ್ತದೆ. ಕೇಳಬೇಕಾದ ಮೊದಲ ಪ್ರಶ್ನೆಯನ್ನು ಮರೆಯದಿರಿ: ಈ ಸುಂಕ ಕಟ್ಟುವವರು ಯಾರು?